ಬೀಟಲ್ಸ್ ನಿಮಗೆ ಮೊದಲು ಸಿಕ್ಕಿದ್ದು ಹೇಗೆ? ಹಳಬ್ರು ಹೊಸಬ್ರು ಎಲ್ರೂ ಬರೀರಿ

ಜಯನಗರ_ನಾಲ್ಕನೇ_ಬ್ಲಾಕ್:
ಎಲ್ರಿಗೂ ನಮಸ್ಕಾರ. ಇಲ್ಲಿ ಬೀಟಲ್ಸ್ ಹುಚ್ಚಿರೋರು (ಇಂಗ್ಲೆಂಡಿನ ಆ ನಾಲ್ಕು ಹುಡುಗ್ರ ಬ್ಯಾಂಡು, ಜಾನ್ ಪಾಲ್ ಜಾರ್ಜ್ ರಿಂಗೋ) ಸುಮಾರು ಜನ ಇದ್ದೀರ, ಆದ್ರೆ ಯಾರಿಗೆ ಹೇಗೆ ಹತ್ತಿತು ಈ ಹುಚ್ಚು ಅಂತ ಯಾರೂ ಬರ್ದಿದ್ದು ನೋಡಿಲ್ಲ, ಅದಕ್ಕೇ ಕೇಳ್ತಿದೀನಿ.

ನಂಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ಸೋದರಮಾವನ ಮನೇಲಿ. 1973ರಲ್ಲಿ ಬಂದ ಎರಡು ಸಂಗ್ರಹ ಇದೆಯಲ್ಲ, ಕೆಂಪು ಕವರ್‌ದು ನೀಲಿ ಕವರ್‌ದು, ಮಾವನ ಹತ್ರ ಎರಡೂ ಇತ್ತು. ಹಾಡು ಕೇಳೋಕೆ ಮುಂಚೆ ಆ ಎರಡು ಕವರ್ ಪಕ್ಕಪಕ್ಕ ಇಟ್ಕೊಂಡು ನೋಡ್ತಾ ಕೂತ್ಕೋತಿದ್ದೆ. ಲಂಡನ್ನಿನ ಇಎಂಐ ರೆಕಾರ್ಡ್ ಕಂಪನಿ ಆಫೀಸಿನ ಅದೇ ಮೆಟ್ಟಿಲು, ಅದೇ ನಾಲ್ಕು ಜನ ಕಂಬಿ ಮೇಲಿಂದ ಬಗ್ಗಿ ಕೆಳಗೆ ನೋಡ್ತಿದಾರೆ, ಒಂದು 1963ರ ಫೋಟೋ ಇನ್ನೊಂದು 1969ರದ್ದು. ಮೊದಲನೇದ್ರಲ್ಲಿ ಒಂದೇ ಥರ ಕ್ರಾಪು ಬಿಟ್ಕೊಂಡು ನಗ್ತಿರೋ ಹುಡುಗ್ರು, ಎರಡನೇದ್ರಲ್ಲಿ ಕೂದಲು ಗಡ್ಡ ಬೆಳೆಸಿ ಒಬ್ಬೊಬ್ರು ಒಂದೊಂದು ಥರ. ಬರೀ ಆರು ವರ್ಷದಲ್ಲಿ ಇವ್ರಿಗೆ ಏನಾಯ್ತು ಅಂತ ತಿಳ್ಕೊಳ್ಳೋ ಕುತೂಹಲಕ್ಕೇ ನಾನು ಟೇಪ್ ಹಾಕಿದ್ದು.

ಇನ್ನೊಂದು ಪ್ರಶ್ನೆ. ನಮ್ಮೂರೋರಿಗೆ ಇವರು ಹಿಡಿಸಿದ್ದು ಜಾರ್ಜ್ ಸಿತಾರ್ ನುಡಿಸ್ದ, ಋಷಿಕೇಶಕ್ಕೆ ಬಂದ್ರು ಅಂತಾನಾ, ಅಥವಾ ಬರೀ ಹಾಡಿನಿಂದಾನಾ? ನಂಗಂತೂ ಬರೀ ಹಾಡು. ನೀವು ಹೇಳಿ.

ಶಿವಮೊಗ್ಗ_ಹಿರಿಯ:
ನನಗೆ ಸಿಕ್ಕಿದ್ದು 1964ರಲ್ಲಿ, ರೇಡಿಯೋ ಸಿಲೋನ್. ನಾನಾಗ ಹೈಸ್ಕೂಲು. ಮನೇಲಿ ವಾಲ್ವ್ ರೇಡಿಯೋ ಇತ್ತು, ಸ್ವಿಚ್ ತಿರುಗಿಸಿದ್ರೆ ಮೊದ್ಲು ಹಸಿರು ಕಣ್ಣು ನಿಧಾನಕ್ಕೆ ಹೊತ್ಕೊಬೇಕು, ಒಳಗಡೆ ಬಿಸಿ ಆಗ್ಬೇಕು, ಆಮೇಲೆ ದನಿ. ಶಾರ್ಟ್‌ವೇವ್ ಅಲ್ವಾ, ಹಾಡು ಜೋರಾಗಿ ಬಂದು ಹಾಗೇ ಕರಗಿಹೋಗಿ ಮತ್ತೆ ಬರೋದು. ಇಂಗ್ಲಿಷ್ ಒಂದಕ್ಷರ ತಿಳೀತಿರ್ಲಿಲ್ಲ, "ಯೇ ಯೇ ಯೇ" ಅನ್ನೋದು ಮಾತ್ರ ಕಿವೀಲಿ ನಿಂತಿತ್ತು. ನಮ್ಮ ತಂದೆಯವರು ವಾರ್ತೆ ಕೇಳೋಕೆ ಅಂತ ಬಂದು ಮುಳ್ಳು ತಿರುಗಿಸ್ಬಿಡೋರು, ಅವ್ರು ಆ ಕಡೆ ಹೋದ್ಮೇಲೆ ಮತ್ತೆ ಆ ಸ್ಟೇಷನ್ ಹುಡುಕೋದೇ ನನ್ನ ಕೆಲ್ಸ.

ಒಂದು ವಿಷ್ಯ ಈಗಿನ ಮಕ್ಕಳಿಗೆ ಹೇಳ್ಲೇಬೇಕು. ಇವ್ರ ಮುಖ ಹೇಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ! ನೋಡಿದ್ದು 1967 ಆದ್ಮೇಲೆ, ಕಲ್ಕತ್ತಾದಿಂದ ಜೂನಿಯರ್ ಸ್ಟೇಟ್ಸ್‌ಮನ್ ಪತ್ರಿಕೆ ಬರೋಕೆ ಶುರುವಾಗಿ, ಅದು ತಿರುಗಿ ತಿರುಗಿ ನಮ್ಮೂರಿನ ಲೈಬ್ರರಿಗೂ ಬಂದಾಗ. ಅಷ್ಟೊತ್ತಿಗೆ ನಾಲ್ಕೂ ಜನ ಮೀಸೆ ಬಿಟ್ಟಾಗಿತ್ತು. ಎಲ್ರೂ ಆ ಕ್ರಾಪಿನ ಬಗ್ಗೆ ಮಾತಾಡ್ತಾರೆ, ನನ್ನ ಪಾಲಿಗೆ ಬೀಟಲ್ಸ್ ಅಂದ್ರೆ ಮೀಸೆ ಇರೋರು.

ಟಪ್ಪಾಂಗುಚ್ಚಿ_ಟಾಮ್:
ಮೂರು ವರ್ಷ ಮುಖಾನೇ ನೋಡ್ದೆ ಫ್ಯಾನ್ ಆಗಿದ್ರಾ ಸಾರ್! ಸೂಪರ್

ಗಾಂಧಿಬಜಾರ್_ರಾಯ:
ನಮ್ಮನೇಲಿ ಬೀಟಲ್ಸ್ ಬಂದಿದ್ದು ಶಮ್ಮಿ ಕಪೂರ್ ಕಡೆಯಿಂದ. 1965ರ ಜಾನ್‌ವರ್ ಪಿಕ್ಚರ್, ಶಂಕರ್ ಜೈಕಿಶನ್ ಸಂಗೀತ, ಅದ್ರಲ್ಲಿ ಉದ್ದಕೂದಲಿನ ವಿಗ್ ಹಾಕಿದ ಬ್ಯಾಂಡ್ ಜೊತೆ ಕುಣಿಯೋ ಹಾಡಿದೆ, ದೇಖೋ ಅಬ್ ತೋ. ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್ ಟ್ಯೂನು ಅದು ಪೂರ್ತಿ. ನಮ್ಮಣ್ಣ ಇವತ್ತಿಗೂ ಹಿಂದೀದೇ ಚೆನ್ನಾಗಿದೆ ಅಂತ ವಾದ ಮಾಡ್ತಾನೆ, ನಾನು ಒಪ್ಪಲ್ಲ. ಮೂಲದಲ್ಲಿ ಆ ಕೈಚಪ್ಪಾಳೆ ಹೇಗೆ ಬೀಟಿಗೆ ಕಚ್ಕೊಂಡು ಕೂರತ್ತೆ, ಜಾನ್ ಪಾಲ್ ಇಬ್ರೂ ಒಟ್ಟಿಗೆ ಹಾಡ್ತಾ ಇದ್ದು ಆ "ಹ್ಯಾಂಡ್" ಹತ್ರ ದನಿ ಮೇಲಕ್ಕೆ ಹಾರತ್ತಲ್ಲ, ಆ ಜಾಗ ಹಿಂದೀಲಿ ಇಲ್ಲ.

ರೋಲಿಂಗ್_ರಂಗ:
ಮಧ್ಯೆ ಬರ್ತಿದೀನಿ ಕ್ಷಮಿಸಿ, ಅರವತ್ತರ ದಶಕದ ರಾಕ್ ಅಂದ್ರೆ ರೋಲಿಂಗ್ ಸ್ಟೋನ್ಸ್ ಬ್ಯಾಂಡು. 2003ರ ಏಪ್ರಿಲ್‌ನಲ್ಲಿ ನಮ್ಮ ಪ್ಯಾಲೇಸ್ ಗ್ರೌಂಡ್ಸಿಗೆ ಬಂದು ಹಾಡಿದ್ರು, ನಾನಿದ್ದೆ. ಅರವತ್ತರ ಹತ್ರದ ವಯಸ್ಸಲ್ಲಿ ಅವ್ರ ಹಾಡುಗಾರ ಜಾಗರ್ ಸ್ಟೇಜ್ ಉದ್ದಕ್ಕೂ ಓಡ್ತಿದ್ದ. ನಿಮ್ಮ ಬೀಟಲ್ಸ್ 1966ರ ಆಗಸ್ಟಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕಡೇ ಶೋ ಕೊಟ್ಟು ಟೂರೇ ನಿಲ್ಲಿಸ್ಬಿಟ್ರು.

ಗಾಂಧಿಬಜಾರ್_ರಾಯ:
@ರೋಲಿಂಗ್_ರಂಗ ಟೂರ್ ನಿಲ್ಲಿಸಿದ್ದಕ್ಕೇ ತಾನೆ ಗುರು ಸ್ಟುಡಿಯೋದಲ್ಲಿ ಕೂತು ಸಾರ್ಜೆಂಟ್ ಪೆಪ್ಪರ್ ಆಲ್ಬಮ್ ಮಾಡೋಕೆ ಟೈಮ್ ಸಿಕ್ಕಿದ್ದು. ಜನ ಕಿರುಚೋ ಸದ್ದಲ್ಲಿ ಅವ್ರಿಗೆ ಅವ್ರ ಗಿಟಾರೇ ಕೇಳ್ತಿರ್ಲಿಲ್ಲ, ರಿಂಗೋ ಮುಂದಿರೋ ಮೂವರ ತಲೆ ಅಲ್ಲಾಡೋದು ನೋಡಿ ತಾಳ ಹಿಡೀತಿದ್ದ. ಮತ್ತೆ 1963ರಲ್ಲಿ ಸ್ಟೋನ್ಸ್‌ಗೆ ಹಾಡಿಲ್ದೆ ಇದ್ದಾಗ ಐ ವಾನ ಬಿ ಯುವರ್ ಮ್ಯಾನ್ ಬರ್ಕೊಟ್ಟಿದ್ದು ಯಾರು?

ರೋಲಿಂಗ್_ರಂಗ:
ಕೊಟ್ಟಿದ್ದು ಹೌದು, ಅದನ್ನ ಚೆನ್ನಾಗಿ ಹಾಡಿದ್ದು ಸ್ಟೋನ್ಸೇ.

ಕೆಜಿಎಫ್_ಹುಡುಗಿ:
ನಾವಿದ್ದಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್. ಅಪ್ಪ ಮೈನ್ಸಲ್ಲಿ ಕ್ಲರ್ಕು. ಎರಡು ಮನೆ ಆಚೆ ಒಂದು ಆಂಗ್ಲೋ ಇಂಡಿಯನ್ ಕುಟುಂಬ, ಶನಿವಾರ ಸಾಯಂಕಾಲ ಅವ್ರ ಮನೇಲಿ ಡಾನ್ಸ್, ಕಿಟಕಿ ಪೂರ್ತಿ ತೆಗ್ದಿರೋರು. ನಾನು ಕಾಂಪೌಂಡ್ ಗೋಡೆ ಮೇಲೆ ಕೂತು ಕೇಳ್ತಿದ್ದೆ. ಆಂಟಿ ನೋಡಿ ಒಳಗೆ ಕರೆದ್ರು, ರೆಕಾರ್ಡನ್ನ ಅಂಚಲ್ಲಿ ಮಾತ್ರ ಹಿಡ್ಕೊಬೇಕು, ಬೆರಳು ತಾಗಿಸ್ಬಾರ್ದು, ಮುಳ್ಳನ್ನ ಕೈಯಾರೆ ಇಳಿಸ್ಬೇಕು ಅಂತ ಎಲ್ಲಾ ಹೇಳಿಕೊಟ್ರು. ಅವರೂ ಎಲ್ರ ಥರ ಆಸ್ಟ್ರೇಲಿಯಾಗೆ ಹೊರಟಾಗ ಸಾಮಾನೆಲ್ಲ ಮಾರಿದ್ರು, ಬೀಟಲ್ಸ್‌ದು ಎ ಹಾರ್ಡ್ ಡೇಸ್ ನೈಟ್ ಆಲ್ಬಮ್ ಒಂದು ನನ್ನ ಕೈಗಿಟ್ರು. ನೀಲಿ ಅಂಚಿನ ಕವರು, ಇಪ್ಪತ್ತು ಪುಟ್ಟ ಫೋಟೋ, ಒಬ್ಬೊಬ್ರದ್ದು ಒಂದೊಂದು ಸಾಲು. ಹಿಂದೆ ಆಂಟಿ ಇಂಕಲ್ಲಿ ಬರೆದ ಅವ್ರ ಹೆಸರು. ಪ್ರೆಸ್ ಆಗಿದ್ದು ನಮ್ಮ ದೇಶದ್ದೇ, ಕಲ್ಕತ್ತಾದ ಡಮ್‌ಡಮ್ ಫ್ಯಾಕ್ಟರೀಲಿ.

ನಮ್ಮನೇಲಿ ಪ್ಲೇಯರ್ ಇರ್ಲಿಲ್ಲ. ಪ್ಲೇಯರ್ ಬಂದಿದ್ದು ನಂಗೆ ಕೆಲ್ಸ ಸಿಕ್ಕಿ ಮೊದಲನೇ ಸಂಬಳದಲ್ಲಿ. ಅಲ್ಲೀವರ್ಗೂ ಆ ಕವರ್ ತೆಗ್ದು ನೋಡಿ ಮತ್ತೆ ಬೀರೂಲಿ ಇಡ್ತಿದ್ದೆ. ಮೊದಲನೇ ಹಾಡಿನ ಶುರೂಲಿ ಆ ಒಂದು ಕಾರ್ಡ್, ಅಂದ್ರೆ ಹಲವು ಸ್ವರ ಒಟ್ಟಿಗೆ, "ಝಣ್" ಅಂತ ಬರತ್ತಲ್ಲ, ಅಮ್ಮ ಅಡುಗೆಮನೆಯಿಂದ ಓಡಿಬಂದ್ರು ಏನೋ ಒಡೀತು ಅಂತ.

ಗಿಟಾರ್_ಗಿರಿ:
ಆ ಕಾರ್ಡ್ ಬಗ್ಗೆ ಜನ ಇನ್ನೂ ಕಿತ್ತಾಡ್ತಾರೆ ಮೇಡಂ. ಜಾರ್ಜ್‌ದು ಹನ್ನೆರಡು ತಂತಿ ರಿಕನ್‌ಬ್ಯಾಕರ್, ಜಾನ್‌ದು ಅಕೌಸ್ಟಿಕ್, ಪಾಲ್ ಬೇಸಲ್ಲಿ ಡಿ ಸ್ವರ, ಜೊತೆಗೆ ಅವ್ರ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಪಿಯಾನೋ. ಬರೀ ಒಂದು ಗಿಟಾರಲ್ಲಿ ಎಷ್ಟು ತಿಣುಕಿದ್ರೂ ಅದು ಬರಲ್ಲ, ಅಲ್ಲಿ ಇರೋದು ನಾಲ್ಕು ಜನರ ಕೈ. ನಂಗೆ ಗಿಟಾರ್ ಹಿಡಿಸಿದ್ದೇ ಆ ಒಂದು ಸದ್ದು.

ಸಪ್ತಾಪುರದಾವ:
ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ಬೀಟಲ್ಸ್ ಯಾರು ಕೇಳ್ತಿದ್ರು ಅಂತ ಕೇಳಬ್ಯಾಡ್ರಿ, ಕೇಳಾವ್ರು ಇದ್ರು. ನಮ್ಮನ್ಯಾಗ ಮುಂಜಾನೆಯಿಂದ ರಾತ್ರಿ ತನಕ ಹಿಂದೂಸ್ತಾನಿ. ನಮ್ಮ ಕಾಕಾ ಮಲ್ಲಿಕಾರ್ಜುನ ಮನ್ಸೂರ್ ಅವರ ಗಾಯನ ಅಂದ್ರ ಊಟ ಬಿಟ್ಟು ಹೋಗಾವ್ರು. ಅವರು ರವಿಶಂಕರ್ ಸಲುವಾಗಿ ಅಂತ ಮುಂಬೈದಿಂದ ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್ ತರಿಸಿದ್ರು. 1971ರ ಆಗಸ್ಟ್ 1ಕ್ಕ ನ್ಯೂಯಾರ್ಕಿನ್ಯಾಗ ಆದ ಕಾರ್ಯಕ್ರಮ. ಮೂರು ರೆಕಾರ್ಡಿನ ಡಬ್ಬಿ ಅದು, ಮೊದಲನೇ ಬಾಜೂಕ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ. ಕಾಕಾ ಅದೊಂದು ಬಾಜೂ ಅಷ್ಟೇ ಕೇಳಿ ಡಬ್ಬಿ ಮುಚ್ಚಿ ಇಡ್ತಿದ್ರು. ಉಳಿದ ಐದು ಬಾಜೂಕ ಏನೈತಿ ಅಂತ ಅವರು ಆಫೀಸಿಗೆ ಹೋದಾಗ ಹಚ್ಚಿ ನೋಡಿದಾವ ನಾನು. ಜಾರ್ಜ್ ಸಿಕ್ಕಿದ್ದು ಹಿಂಗ, ಅವನ ಹಿಂದಿಂದ ಉಳಿದ ಮೂವರು ಬಂದ್ರು.

ಆ ಮೊದಲನೇ ಬಾಜೂದಾಗ ಒಂದು ಮಜಾ ಐತಿ, ಸಿತಾರ್ ಸರೋದ್ ಶ್ರುತಿ ಮಾಡ್ಕೊಳ್ಳೋದಕ್ಕ ಜನ ಜೋರು ಚಪ್ಪಾಳಿ ಹೊಡೀತಾರ. ರವಿಶಂಕರ್ ನಯವಾಗಿ ಹೇಳ್ತಾರ, ಟ್ಯೂನಿಂಗೇ ಇಷ್ಟು ಸೇರಿದ್ರ ಬಾರಿಸೋದು ಇನ್ನೂ ಸೇರ್ತದ ಅಂತ. ಕಾಕಾ ಪ್ರತಿ ಸಲ ಅಲ್ಲಿ ಬಂದಾಗ ನಕ್ಕು ನಮ್ಮ ಕಡೆ ನೋಡ್ತಿದ್ರು.

ಜಯನಗರ_ನಾಲ್ಕನೇ_ಬ್ಲಾಕ್:
ವಾಹ್ ಸಾರ್. ನನ್ನ ಎರಡನೇ ಪ್ರಶ್ನೆಗೆ ಇದೇ ಉತ್ತರ ಅನ್ಸತ್ತೆ, ಸಿತಾರ್ ದಾರೀಲಿ ಬಂದೋರೂ ಇದಾರೆ.

ವೀಣಾಪಾಣಿ_ಮೈಸೂರು:
ನಾನೂ ಅದೇ ದಾರಿ. ವಯೊಲಿನ್ ಪಾಠ ಹೇಳ್ತೀನಿ, ಕರ್ನಾಟಕ ಸಂಗೀತ. ಶಿಷ್ಯೆಯೊಬ್ಳು ಫೋನಲ್ಲಿ ಸಾರ್ಜೆಂಟ್ ಪೆಪ್ಪರ್‌ನ ಜಾರ್ಜ್ ಹಾಡು ವಿದಿನ್ ಯು ವಿದೌಟ್ ಯು ಹಾಕಿ ಇದು ಯಾವ ರಾಗ ಮಿಸ್ ಅಂದ್ಲು. ಸ್ವರ ನೋಡಿದ್ರೆ ಹರಿಕಾಂಬೋಜಿದು. ನಂಗೆ ಇಷ್ಟ ಆಗಿದ್ದು ಬೇರೆ ವಿಷ್ಯ. ಹಾಡಿನ ಹಿಂದೆ ದಿಲ್‌ರುಬಾ, ಕಮಾನಲ್ಲಿ ನುಡಿಸೋ ತಂತಿವಾದ್ಯ, ಹಾಡೋ ದನಿಯನ್ನೇ ಹಿಂಬಾಲಿಸತ್ತೆ, ಅದು ನಮ್ಮಲ್ಲಿ ಪಕ್ಕವಾದ್ಯದೋರು ಮಾಡೋ ಕೆಲಸಾನೇ. ಅದ್ರ ಮೇಲೆ ಜಾರ್ಜ್ ಮಾರ್ಟಿನ್ ಎಂಟು ವಯೊಲಿನ್ ಮೂರು ಚೆಲ್ಲೋಗೆ ಆ ಜಾರುಗಳನ್ನ ಬರ್ದು ನುಡಿಸಿದಾರೆ. ಲಂಡನ್ನಿನ ಸಿಂಫನಿ ವಯೊಲಿನ್‌ನೋರಿಗೆ ಜಾರು ನುಡಿಸೋದು ಎಷ್ಟು ಕಷ್ಟ ಅಂತ ವಯೊಲಿನ್ ಹಿಡಿದೋರಿಗೆ ಗೊತ್ತು. ಮಧ್ಯದ ವಾದ್ಯದ ಭಾಗ ಐದರ ಲೆಕ್ಕಕ್ಕೆ ತಿರುಗತ್ತೆ, ಕೈಯಲ್ಲಿ ಖಂಡಚಾಪು ಹಾಕಿ ನೋಡಿ. ಬೇರೆ ಮೂರು ಬೀಟಲ್ಸ್ ಆ ಹಾಡಲ್ಲಿ ಇಲ್ಲವೇ ಇಲ್ಲ.

ಸಪ್ತಾಪುರದಾವ:
ಮೇಡಂ ಹರಿಕಾಂಬೋಜಿ ಅನ್ನೋದಕ್ಕಿಂತ ಖಮಾಜ್ ಥಾಟ್ ಅನ್ರಿ, ಜಾರ್ಜ್ ಕಲಿತಿದ್ದು ಹಿಂದೂಸ್ತಾನಿ. ಐದರ ಭಾಗ ಝಪ್‌ತಾಲ್.

ವೀಣಾಪಾಣಿ_ಮೈಸೂರು:
ಎರಡಕ್ಕೂ ಸ್ವರ ಅದೇ ಸಾರ್, ಮಕ್ಕಳಿಗೆ ಹೇಳುವಾಗ ಅವ್ರಿಗೆ ಗೊತ್ತಿರೋ ಹೆಸ್ರಲ್ಲಿ ಹೇಳ್ತೀನಿ. ನಾನು ಹರಿಕಾಂಬೋಜಿ ಅಂತಾನೇ ಹೇಳೋದು.

ಸಪ್ತಾಪುರದಾವ:
ಆತು ಬಿಡ್ರಿ, ಮೈಸೂರಿನಾವ್ರ ಜೋಡಿ ರಾಗದ ಮ್ಯಾಲೆ ಜಗಳ ಬ್ಯಾಡ.

ಹೆಮ್ಮೆಯ_ಭಾರತೀಯ:
ಒಟ್ಟಲ್ಲಿ ಬೀಟಲ್ಸ್ ದೊಡ್ಡೋರಾಗಿದ್ದು ನಮ್ಮ ದೇಶದ ಸಂಗೀತದಿಂದಾನೇ ಅಂತ ಒಪ್ಕೊಳ್ಳಿ ಎಲ್ರೂ. ಋಷಿಕೇಶಕ್ಕೆ ಬಂದ್ಮೇಲೇನೆ ಒಳ್ಳೊಳ್ಳೆ ಹಾಡು ಬಂದಿದ್ದು.

ಚಾರಣಿಗ_ಚಂದ್ರು:
@ಹೆಮ್ಮೆಯ_ಭಾರತೀಯ ನಾನು ಋಷಿಕೇಶದಲ್ಲಿ ಅವ್ರು ಉಳ್ಕೊಂಡಿದ್ದ ಮಹರ್ಷಿ ಮಹೇಶ ಯೋಗಿ ಆಶ್ರಮಕ್ಕೆ ಹೋಗಿ ಬಂದಿದೀನಿ ಸಾರ್, ಪ್ರೀತಿಯಿಂದಲೇ ಹೇಳ್ತೀನಿ, ನೀವು ಹೇಳಿದ್ದು ಹಾಗೆ ಕೂರಲ್ಲ. ಅವ್ರು ಬಂದಿದ್ದು 1968ರ ಫೆಬ್ರವರಿ. ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್‌ನಿಂದ ಸಾರ್ಜೆಂಟ್ ಪೆಪ್ಪರ್‌ವರೆಗೆ ಅಷ್ಟೊತ್ತಿಗೆ ಎಲ್ಲಾ ಬಂದಾಗಿತ್ತು. ಜಾರ್ಜ್ ಮೊದಲು ಸಿತಾರ್ ನುಡಿಸಿದ್ದು 1965ರಲ್ಲಿ, ನಾರ್ವೀಜಿಯನ್ ವುಡ್‌ಗೆ, ಆಗ ಅವ್ನಿಗೆ ಪಾಠ ಇಲ್ಲ ಏನಿಲ್ಲ. ರವಿಶಂಕರ್‌ಗೂ ಅದು ಮೆಚ್ಚುಗೆ ಆಗ್ಲಿಲ್ಲ. 1966ರ ಜುಲೈಯಲ್ಲಿ ಮನಿಲಾದಿಂದ ವಾಪಸ್ ಹೋಗ್ತಾ ದಿಲ್ಲೀಲಿ ಇಳಿದು ಕನಾಟ್ ಪ್ಲೇಸಿನ ರಿಖಿ ರಾಮ್ ಅಂಗಡಿ ಸಿತಾರ್ ತಗೊಂಡ, ಅದೇ ಸೆಪ್ಟೆಂಬರಲ್ಲಿ ಬೊಂಬಾಯಿಗೆ ಬಂದು ರವಿಶಂಕರ್ ಹತ್ರ ಕೂತು ಕಲಿತ. ಶ್ರದ್ಧೆ ಅಂದ್ರೆ ಅದು, ಜಗತ್ತಲ್ಲೇ ದೊಡ್ಡ ಹೆಸ್ರು ಮಾಡಿದ ಮೇಲೆ ನೆಲದ ಮೇಲೆ ಕೂತು ಸರಿಗಮದಿಂದ ಶುರು ಮಾಡೋದು.

ಈಗ ಮುಖ್ಯ ವಿಷ್ಯ ಕೇಳಿ. ಋಷಿಕೇಶದಲ್ಲಿ ಬರೆದ ಹಾಡುಗಳೇ ಬಹುಪಾಲು ಆ ವರ್ಷ ನವೆಂಬರಿನ ವೈಟ್ ಆಲ್ಬಮ್‌ಗೆ ಹೋದ್ವು. ಆ ಎರಡು ಡಿಸ್ಕಲ್ಲಿ ಹುಡುಕಿ, ಸಿತಾರ್ ಇಲ್ಲ! ಇರೋದು ಬೆರಳಲ್ಲಿ ಮೀಟೋ ಗಿಟಾರ್, ಅದನ್ನ ಜಾನ್‌ಗೆ ಆ ಆಶ್ರಮದಲ್ಲೇ ಹೇಳ್ಕೊಟ್ಟಿದ್ದು ಸ್ಕಾಟ್ಲೆಂಡಿನ ಹಾಡುಗಾರ ಡೊನೊವನ್. ಡಿಯರ್ ಪ್ರುಡೆನ್ಸ್ ಕೇಳಿ ಗೊತ್ತಾಗತ್ತೆ. ನಮ್ಮ ದೇಶ ಅವ್ರಿಗೆ ಅಲ್ಲಿ ಕೊಟ್ಟಿದ್ದು ಸಮಯ, ನದಿ ಪಕ್ಕ ಒಂದು ರೂಮು, ಫೋನಿಲ್ಲ ಮೀಟಿಂಗಿಲ್ಲ. ಅದೇನು ಸಣ್ಣದಾ?

ಈಗ ಆ ಜಾಗ ರಾಜಾಜಿ ಕಾಡಿನೊಳಗೆ ಸೇರಿದೆ, 2015ರ ಕೊನೇಲಿ ಟಿಕೆಟ್ ಇಟ್ಟು ಜನಕ್ಕೆ ತೆರೆದ್ರು. ನದಿ ಕಲ್ಲು ಮೆತ್ತಿದ ಗುಮ್ಮಟದ ಧ್ಯಾನದ ಗುಡಿಸಲುಗಳು ಇನ್ನೂ ಇವೆ. ಒಂದ್ರೊಳಗೆ ಹೋಗಿ ಹಾಡಿದ್ರೆ ದನಿ ಸುತ್ತ ತಿರುಗಿ ನಮಗೇ ವಾಪಸ್ ಬರತ್ತೆ.

ಹೆಮ್ಮೆಯ_ಭಾರತೀಯ:
ಜಾರ್ಜ್‌ನ ಇನ್ನರ್ ಲೈಟ್ ಹಾಡು ಬೊಂಬಾಯಲ್ಲೇ ರೆಕಾರ್ಡ್ ಆಗಿದ್ದಲ್ವಾ? ಅದಕ್ಕೇನ್ ಹೇಳ್ತೀರ?

ಚಾರಣಿಗ_ಚಂದ್ರು:
ಹೌದು, ಅದು ಪಕ್ಕಾ ನಮ್ದು. 1968ರ ಜನವರಿ, ಎಚ್‌ಎಂವಿ ಸ್ಟುಡಿಯೋ, ಕೊಳಲು ಹರಿಪ್ರಸಾದ್ ಚೌರಾಸಿಯಾ. ಹಾಡಿನ ಸಾಲು ಮಾತ್ರ ಚೀನಾದ ತಾವೋ ಗ್ರಂಥದ್ದು. ಲೇಡಿ ಮಡೋನಾ ಸಿಂಗಲ್ ಹಿಂದಿನ ಬದಿಗೆ ಹಾಕಿದ್ರು, ಅದಕ್ಕೇ ತುಂಬಾ ಜನಕ್ಕೆ ಸಿಗ್ಲಿಲ್ಲ.

ಮಡಿಕೇರಿ_ಮಳೆ:
ಬೆಂಗಳೂರು ಲಿಂಕ್ ಕೇಳೋದಾದ್ರೆ ಬಿದ್ದು ಹೆಸ್ರು ಯಾರೂ ಎತ್ತಿಲ್ವಲ್ಲ! ಬಿದ್ದು ಅಪ್ಪಯ್ಯ, ಕೊಡವರು, ಬೆಳೆದಿದ್ದು ಬೆಂಗಳೂರಲ್ಲಿ. ರೇಡಿಯೋ ಸಿಲೋನ್ ಕೇಳಿ ಕೇಳಿ ಗಿಟಾರ್ ಕಲಿತು ಅರವತ್ತರ ದಶಕದಲ್ಲಿ ಟ್ರೋಜನ್ಸ್ ಅಂತ ಬ್ಯಾಂಡ್ ಕಟ್ಟಿ ಬೀಟಲ್ಸ್, ಸ್ಟೋನ್ಸ್ ಹಾಡು ಹಾಡ್ತಿದ್ರು. ಆಮೇಲೆ ಇಂಗ್ಲೆಂಡಿಗೆ ಹೋಗಿ 1974ರಲ್ಲಿ ಕುಂಗ್ ಫೂ ಫೈಟಿಂಗ್ ಅನ್ನೋ ಹಾಡು ಪ್ರೊಡ್ಯೂಸ್ ಮಾಡಿದ್ರು, ಲೋಕವೆಲ್ಲಾ ಕುಣೀತು. ಕುರ್ಬಾನಿಯ ಆಪ್ ಜೈಸಾ ಕೋಯಿ ಕೂಡ ಅವ್ರದ್ದೇ. ನಮ್ಮ ತಾತನ ಕಾಲದೋರು ಇವತ್ತೂ ಹೆಮ್ಮೆಯಿಂದ ಹೇಳ್ತಾರೆ.

ಶಿವಮೊಗ್ಗ_ಹಿರಿಯ:
ಒಂದೇ ಸ್ಟೇಷನ್ ಕೇಳ್ತಿದ್ವಿ ಅನ್ನಿ ಹಾಗಾದ್ರೆ. ಬಹಳ ಸಂತೋಷ ಆಯ್ತು ಇದನ್ನ ಓದಿ.

ಸುರತ್ಕಲ್_ಹಾಸ್ಟೆಲ್:
ನಮ್ದು ಸುರತ್ಕಲ್ ಇಂಜಿನಿಯರಿಂಗ್ ಕಾಲೇಜು, ಕೆಆರ್‌ಇಸಿ ಹಾಸ್ಟೆಲ್, ಎಂಬತ್ತರ ಕೊನೆ. ಸೀನಿಯರ್ ಹತ್ರ ಬೀಟಲ್ಸ್‌ದು ಅಬ್ಬೆ ರೋಡ್ ಆಲ್ಬಮ್ ಕ್ಯಾಸೆಟ್, ಯಾರೋ ಡಬ್ ಮಾಡಿದ್ದನ್ನ ಇನ್ಯಾರೋ ಡಬ್ ಮಾಡಿದ್ದು, ಲೇಬಲ್ ಮೇಲೆ ಪೆನ್ಸಿಲಲ್ಲಿ ಬರೆದ ಹಾಡಿನ ಪಟ್ಟಿ. ಮೊದಲನೇ ಸೈಡ್ ಕೊನೇಲಿ ಐ ವಾಂಟ್ ಯು ಅಂತ ಹಾಡು, ಏಳೂವರೆ ನಿಮಿಷಕ್ಕಿಂತ ಜಾಸ್ತಿ ಇದೆ, ಅದೇ ಗಿಟಾರ್ ಮತ್ತೆ ಮತ್ತೆ, ಹಿಂದೆ ಗಾಳಿ ಸದ್ದು ಏರ್ತಾ ಏರ್ತಾ ಹೋಗಿ ಟಕ್ ಅಂತ ನಿಂತ್ಬಿಡತ್ತೆ. ಡಬ್ ಮಾಡಿದವ್ನು ಟೇಪ್ ಮುಗಿಸ್ಬಿಟ್ಟ ಅಂತ ಸೀನಿಯರ್ ವರ್ಷವಿಡೀ ಬೈತಿದ್ರು. ಎಷ್ಟೋ ವರ್ಷದ ಮೇಲೆ ಸಿಡಿ ತಗೊಂಡೆ, ಅಲ್ಲೂ ಅದೇ ಜಾಗದಲ್ಲಿ ಟಕ್! ಜಾನ್ ಬೇಕಂತಾನೇ ಅಲ್ಲಿ ಟೇಪ್ ಕತ್ತರಿಸಿ ಅಂದಿದ್ನಂತೆ. ರಾತ್ರೋರಾತ್ರಿ ಸೀನಿಯರ್‌ಗೆ ಫೋನ್ ಮಾಡಿ ಹೇಳ್ದೆ.

ಅದೇ ಆಲ್ಬಮ್ ಎರಡನೇ ಸೈಡ್, ಒಂದಕ್ಕೊಂದು ಅಂಟ್ಕೊಂಡಿರೋ ತುಂಡುಹಾಡುಗಳು, ಪರೀಕ್ಷೆ ಹಿಂದಿನ ರಾತ್ರಿ ಕಾರಿಡಾರಲ್ಲಿ ಲೈಟ್ ಆರಿಸಿ ಜೋರಾಗಿ ಹಾಕೋದು. ವಾರ್ಡನ್ ಬಂದ್ರೂ ನಿಲ್ಲಿಸ್ತಿರ್ಲಿಲ್ಲ.

ತುಮಕೂರು_2002:
ನಾನು ಇಲ್ಲಿ ಚಿಕ್ಕವಳು ಅನ್ಸತ್ತೆ. ನಂಗೆ ಸಿಕ್ಕಿದ್ದು 2021ರಲ್ಲಿ, ಪೀಟರ್ ಜ್ಯಾಕ್ಸನ್ ಮಾಡಿದ ಗೆಟ್ ಬ್ಯಾಕ್ ಡಾಕ್ಯುಮೆಂಟರಿ ನೋಡಿ. ಪಿಜಿ ರೂಮ್‌ಮೇಟ್ ಹಾಕಿದ್ಲು. 1969ರ ಜನವರಿ, ಬೆಳಗ್ಗೆ, ಜಾನ್ ಇನ್ನೂ ಬಂದಿಲ್ಲ, ಜಾರ್ಜ್ ಆಕಳಿಸ್ತಿದಾನೆ, ಪಾಲ್ ಸುಮ್ನೆ ಬೇಸ್ ಗಿಟಾರನ್ನ ಕಾರ್ಡ್ ಥರ ಬಾರಿಸ್ತಾ ಗುಂಯ್ ಗುಂಯ್ ಅಂತ ಏನೋ ಅಂತಿರ್ತಾನೆ. ಎರಡು ನಿಮಿಷದಲ್ಲಿ ಆ ಗುಂಯ್‌ಗುಟ್ಟೋದ್ರೊಳಗಿಂದ ಗೆಟ್ ಬ್ಯಾಕ್ ಹಾಡು ಎದ್ದು ಬರತ್ತೆ. ನಾನು ರಿವೈಂಡ್ ಮಾಡಿ ಮತ್ತೆ ನೋಡ್ದೆ. ಹಾಡು ಹುಟ್ಟೋದನ್ನ ಕಣ್ಣಾರೆ ನೋಡ್ಬಹುದು ಅಂತ ನಂಗೆ ಗೊತ್ತಿರ್ಲಿಲ್ಲ.

ನನ್ನ ಪ್ರಶ್ನೆ, 2023ರಲ್ಲಿ ಬಂದ ನೌ ಆಂಡ್ ದೆನ್ ಬೀಟಲ್ಸ್ ಹಾಡು ಅಂತ ನೀವೆಲ್ಲ ಒಪ್ತೀರಾ? ನಂಗಂತೂ ಅದನ್ನ ಕೇಳಿ ಅಳು ಬಂತು.

ಗಾಂಧಿಬಜಾರ್_ರಾಯ:
ಒಪ್ಪಲ್ಲ. ನಾಲ್ಕು ಜನ ಒಂದು ರೂಮಲ್ಲಿ ಇರ್ಬೇಕು.

ಕೆಜಿಎಫ್_ಹುಡುಗಿ:
ರಾಯರೇ ಏನ್ ಹೇಳ್ತಿದೀರ. ಜಾನ್ ಎಪ್ಪತ್ತರ ದಶಕದಲ್ಲಿ ಮನೇಲಿ ಪಿಯಾನೋ ಜೊತೆ ಹಾಡಿಟ್ಟಿದ್ದು, ಜಾರ್ಜ್ 1995ರಲ್ಲಿ ನುಡಿಸಿದ ಗಿಟಾರ್, ಪಾಲ್ ರಿಂಗೋ ಈಗ ಸೇರ್ಸಿದ್ದು. ನಾಲ್ಕೂ ಜನ ಇದಾರೆ. ಈಗ ನೀವು ಹೇಳಿದ ಲೆಕ್ಕದಲ್ಲಿ ಯೆಸ್ಟರ್‌ಡೇಲಿ ಪಾಲ್ ಒಬ್ನೇ ಇರೋದು, ಜೊತೆಗೆ ನಾಲ್ಕು ತಂತಿವಾದ್ಯದೋರು. ಅದನ್ನೂ ಬಿಟ್ಬಿಡ್ತೀರಾ?

ಗಾಂಧಿಬಜಾರ್_ರಾಯ:
ಯೆಸ್ಟರ್‌ಡೇ ಬೇರೆ ಮೇಡಂ, ಉಳಿದ ಮೂವರೂ ಬದುಕಿದ್ರು, ಬೇಡ ಅನ್ನೋ ಹಕ್ಕಿತ್ತು.

ರೋಲಿಂಗ್_ರಂಗ:
ಒಂದ್ ಮಾತು, ರಿಂಗೋ ಅದೃಷ್ಟಕ್ಕೆ ಬಂದವ್ನು ಅಲ್ವಾ? ಡ್ರಮ್ಸಲ್ಲಿ ಅಂಥದ್ದೇನೂ ಇಲ್ಲ.

ಡ್ರಮ್ಮರ್_ದಾವಣಗೆರೆ:
ಇಲ್ಲೀವರ್ಗೂ ಸುಮ್ನಿದ್ದೆ, ಇದಕ್ಕೆ ಸುಮ್ನಿರಲ್ಲ. ರಿಂಗೋ ಎಡಗೈಯೋನು, ಬಲಗೈಯೋರ ಥರ ಜೋಡಿಸಿದ ಸೆಟ್ ಬಾರಿಸ್ತಾನೆ. ಅದಕ್ಕೇ ಅವ್ನ ರೋಲು ಬೇರೆಯೋರ ಥರ ಓಡಲ್ಲ, ನಾವು ಬಾರಿಸೋಕೆ ಹೋದ್ರೆ ಕೈ ಸಿಕ್ಕಾಕೊಳ್ಳತ್ತೆ. 1966ರ ರೇನ್ ಹಾಡು ಹೆಡ್‌ಫೋನಲ್ಲಿ ಕೇಳಿ ಆಮೇಲೆ ಬನ್ನಿ. 1968ರಲ್ಲಿ ಬೇಜಾರಾಗಿ ಬಿಟ್ಟು ಹೋದಾಗ ಉಳಿದೋರೇ ಬೇಡ್ಕೊಂಡು ಕರೆಸಿದ್ರು, ವಾಪಸ್ ಬಂದಾಗ ಡ್ರಮ್ ಸೆಟ್ ತುಂಬಾ ಹೂವು ಇಟ್ಟಿದ್ರು. ಯಾರಿಗಾದ್ರೂ ಸುಮ್ನೆ ಹೂವು ಇಡ್ತಾರಾ?

ಟಪ್ಪಾಂಗುಚ್ಚಿ_ಟಾಮ್:
👏👏

ಕೆಜಿಎಫ್_ಹುಡುಗಿ:
ವಿಷ್ಯ ಬೇರೆ, ನನ್ನ ಪ್ಲೇಯರ್ ಮುಳ್ಳು ಸವೆದಿದೆ, ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ?

ಗಿಟಾರ್_ಗಿರಿ:
ಎಸ್‌ಪಿ ರೋಡಲ್ಲಿ ಹಳೇ ಅಂಗಡಿಗಳಲ್ಲಿ ಕೇಳಿ ಮೇಡಂ. ಹೋಗುವಾಗ ಹಳೇ ಮುಳ್ಳನ್ನ ಕಾರ್ಟ್ರಿಡ್ಜ್ ಸಮೇತ ಬಿಚ್ಚಿ ತಗೊಂಡ್ಹೋಗಿ, ಬಾಯಲ್ಲಿ ಹೇಳಿದ್ರೆ ಬೇರೇದು ಕೊಡ್ತಾರೆ. ಸವೆದ ಮುಳ್ಳಲ್ಲಿ ಆ ರೆಕಾರ್ಡ್ ಮಾತ್ರ ಹಾಕ್ಬೇಡಿ ದಯವಿಟ್ಟು, ಗೆರೆ ಕೆತ್ತಿ ಹೋಗತ್ತೆ.

ತುಮಕೂರು_2002:
ಸಾರ್ಜೆಂಟ್ ಪೆಪ್ಪರ್ ಇನ್ನೂ ಪೂರ್ತಿ ಕೇಳಿಲ್ಲ ನಾನು, ಈ ವಾರ ಕೇಳ್ಬೇಕು ಅಂತಿದೀನಿ. ಯಾವ ವರ್ಷನ್ ಕೇಳ್ಲಿ? ಮೋನೋ ಸ್ಟೀರಿಯೋ ರೀಮಿಕ್ಸ್ ಅಂತ ಏನೇನೋ ಇದೆ.

ಸುರತ್ಕಲ್_ಹಾಸ್ಟೆಲ್:
2017ರ ರೀಮಿಕ್ಸ್, ಕಣ್ಮುಚ್ಕೊಂಡು.

ಶಿವಮೊಗ್ಗ_ಹಿರಿಯ:
ಬೇಡ ಮಗಳೇ, ಮೋನೋ ಕೇಳು, ಎಡ ಬಲ ಅಂತಿಲ್ದೆ ಎಲ್ಲಾ ಸದ್ದೂ ಒಟ್ಟಿಗೆ ಬರೋದು. 1967ರಲ್ಲಿ ನಾಲ್ಕೂ ಜನ ಪಕ್ಕದಲ್ಲಿ ಕೂತು ವಾರಗಟ್ಟಲೆ ಮಾಡಿಸಿದ್ದು ಮೋನೋ ಮಿಕ್ಸು, ಸ್ಟೀರಿಯೋನ ಸ್ಟುಡಿಯೋದೋರು ಆಮೇಲೆ ಕೆಲವೇ ದಿನದಲ್ಲಿ ಮುಗಿಸಿದ್ರು. ಶೀಸ್ ಲೀವಿಂಗ್ ಹೋಮ್ ಎರಡರಲ್ಲೂ ಕೇಳಿ ನೋಡು, ಮೋನೋದಲ್ಲಿ ವೇಗ ಸ್ವಲ್ಪ ಜಾಸ್ತಿ, ಶ್ರುತೀನೂ ಮೇಲಿದೆ, ಆ ಹುಡುಗಿ ನಿಜವಾಗ್ಲೂ ಮನೆ ಬಿಟ್ಟು ಹೊರಟಿದಾಳೆ ಅನ್ಸತ್ತೆ. ಸ್ಟೀರಿಯೋದಲ್ಲಿ ಎಳೆದ ಹಾಗಿದೆ.

ಸುರತ್ಕಲ್_ಹಾಸ್ಟೆಲ್:
ಅಂಕಲ್, 2017ರಲ್ಲಿ ಆ ಹಾಡನ್ನ ಮೋನೋ ವೇಗಕ್ಕೇ ತಂದಿದಾರೆ, ಅದಕ್ಕೇ ಹೇಳಿದ್ದು ನಾನು.

ಶಿವಮೊಗ್ಗ_ಹಿರಿಯ:
ತಂದಿರಬಹುದಪ್ಪ, ಒಳ್ಳೇದೇ. ಆದ್ರೂ ಮೊದಲು ಮೋನೋ.